ನಾಟಿಯ ದಿನ ಕರೆದ ಗ್ರಾಮಸಭೆ

ಹೋದ ತಿಂಗಳ ಗ್ರಾಮಸಭೆಯಲ್ಲಿ ಹಿಂದಿನ ಬೆಂಚಿನಿಂದ ಒಬ್ಬ ಹೆಂಗಸು ಎದ್ದು ನಿಂತು, "ಅಧ್ಯಕ್ರೆ, ಒಂದು ದಿನ ಮಿಕ್ಕೈತೆ" ಅಂದರಂತೆ. ಅಷ್ಟೇ ಹೇಳಿ ಕೂತರಂತೆ. ಈ ಸಲ ಹೊಸದಾಗಿ ಗೆದ್ದು ಬಂದ ಹೆಣ್ಣುಮಕ್ಕಳು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರಂತೆ. ಅವರಲ್ಲೊಬ್ಬಳು ನಮ್ಮ ಬೀದಿಯ ಹುಡುಗಿಯೇ. ಮನೆಗೆ ಬಂದು ಇದನ್ನೆಲ್ಲ ನನಗೇ ಹೇಳಿ, "ಪ್ರತಿ ಸಭೇಲೂ ಹಿಂಗೇ ಅಂತಾರಂತೆ ಆಂಟಿ, ಪಾಪ, ತಲೆ ಸರಿ ಇಲ್ವಾ?" ಎಂದು ಕೇಳಿದಳು. ನಾನು ಆಗ ಕಾಫಿ ಸೋಸುತ್ತಿದ್ದೆ. ಡಿಕಾಕ್ಷನ್ ಲೋಟದ ಹೊರಗೆ ಬಿತ್ತು. ನನಗೆ ಸಿಟ್ಟು ಬರುವುದು ಕಡಿಮೆ, ಬಂದರೆ ಹೋಗುವುದೂ ನಿಧಾನ. ಆ ಹುಡುಗಿಗೆ ಆಗ ಏನೂ ಹೇಳಲಿಲ್ಲ, ಕಾಫಿ ಕುಡಿಸಿ ಕಳಿಸಿದೆ. ಈಗ ಬರೆಯುತ್ತಿದ್ದೇನೆ. ಪಂಚಾಯ್ತಿಗೆ ಹೊಸದಾಗಿ ಕಾಲಿಡುವ ನೀವೆಲ್ಲ ಓದಿಕೊಳ್ಳಿ. ತರಬೇತಿಯಲ್ಲಿ ಇದನ್ನು ಯಾರೂ ಹೇಳಿಕೊಡುವುದಿಲ್ಲ.

ನಾನು ಎರಡು ಅವಧಿ ಪಂಚಾಯ್ತಿ ಸದಸ್ಯೆಯಾಗಿದ್ದೆ. ನಡುವೆ ಸ್ವಲ್ಪ ಕಾಲ ಉಪಾಧ್ಯಕ್ಷೆಯೂ ಆಗಿದ್ದೆ, ಅದರಲ್ಲಿ ಹೇಳಿಕೊಳ್ಳುವಂಥದ್ದೇನಿಲ್ಲ, ಕುರ್ಚಿಯ ಮೇಲೆ ಒಂದು ಟವೆಲ್ ಹೆಚ್ಚಿಗೆ ಹಾಸುತ್ತಿದ್ದರು. ಊರಿನ ಹೆಸರು ಬೇಡ. ಸಕಲೇಶಪುರದಿಂದ ಹೆತ್ತೂರಿನ ಕಡೆ ಹೋಗುವಾಗ ಸಿಗುವ ಊರು, ದೊಡ್ಡೂರು ಅಂದುಕೊಳ್ಳಿ. ಹೆಣ್ಣುಮಕ್ಕಳಿಗೆ ಮೀಸಲು ಬಂದ ಹೊಸತು. ಒಂದು ಸಂಜೆ ನಮ್ಮ ಜಗಲಿಗೆ ನಾಲ್ಕು ಜನ ಹಿರಿಯರು ಬಂದರು. ಅವರು ನಮ್ಮ ಯಜಮಾನರ ಹತ್ತಿರ ಮಾತಾಡಿದರು, ಯಜಮಾನರು ಅವರ ಹತ್ತಿರ ಮಾತಾಡಿದರು, ನಾನು ಕಾಫಿ ಕೊಟ್ಟೆ. ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋಗುವ ಹೊತ್ತಿಗೆ ನಾನು ಅಭ್ಯರ್ಥಿಯಾಗಿದ್ದೆ. ಬಂದವರಲ್ಲಿ ದೊಡ್ಡವರು ಪುಟ್ಟೇಗೌಡರು, ಆಮೇಲೆ ಅಧ್ಯಕ್ಷರಾದವರು. ಕಾಫಿ ತೋಟವೂ ಇತ್ತು, ಹೊಳೆಯ ಪಕ್ಕ ಒಳ್ಳೆಯ ಗದ್ದೆಯೂ ಇತ್ತು, ಮಾತು ಮೆತ್ತಗೆ. "ಅಕ್ಕಾವ್ರು ಕಾನ್ವೆಂಟ್‌ನಲ್ಲಿ ಓದಿರೋರು, ಗಲಾಟೆ ಮಾಡೋರಲ್ಲ" ಎಂದು ಅವರು ನನ್ನನ್ನು ಹೊಗಳಿದರು. ಅವರಿಗೆ ಬೇಕಾಗಿದ್ದದ್ದು ಎರಡನೆಯ ಮಾತು ಅಂತ ತಿಳಿಯಲು ನನಗೆ ಬಹಳ ಕಾಲ ಹಿಡಿಯಿತು.

ಮೊದಲ ಸಭೆಗೆ ಇಸ್ತ್ರಿ ಮಾಡಿದ ಸೀರೆ ಉಟ್ಟು, ಮಡಿಸಿದ ಕರವಸ್ತ್ರ ಹಿಡಿದು ಹೋದೆ. ಶಾಲೆಯ ಭಾಷಣ ಸ್ಪರ್ಧೆಯಲ್ಲಿ ನಿಲ್ಲುತ್ತಿದ್ದ ಹಾಗೇ ನಿಂತು, "ಮಾನ್ಯ ಅಧ್ಯಕ್ಷರೇ, ಗೌರವಾನ್ವಿತ ಸದಸ್ಯರೇ" ಎಂದು ಶುರುಮಾಡಿ ಕುಡಿಯುವ ನೀರಿನ ಮಹತ್ವದ ಮೇಲೆ ಮಾತಾಡಿದೆ. ಎಲ್ಲರೂ ನೆಟ್ಟಗೆ ಕೂತು ಕೇಳಿದರು, ಚಪ್ಪಾಳೆಯನ್ನೂ ತಟ್ಟಿದರು. ನಂತರ ಪಕ್ಕದಲ್ಲಿದ್ದವಳು ನನ್ನ ಸೆರಗು ಜಗ್ಗಿ, "ಅಕ್ಕ, ನಲ್ಲಿ ಬೇಕು ಅನ್ನಿ, ಸಾಕು" ಅಂದಳು. ಅವಳೇ ಸಾವಿತ್ರಿ. ಮೇಲಿನ ಹಾಡಿಗಳ ಮೀಸಲು ಸ್ಥಾನದಿಂದ ಗೆದ್ದು ಬಂದವಳು, ನನಗಿಂತ ಹತ್ತು ವರ್ಷಕ್ಕೆ ಚಿಕ್ಕವಳು. ಸ್ವಂತ ಗದ್ದೆ ಒಂದಿಷ್ಟು, ಕಾಫಿ ಇನ್ನೊಂದಿಷ್ಟು. ಅವಳ ಬೆರಳ ತುದಿಗಳು ವರ್ಷವಿಡೀ ಯಾವುದೋ ಒಂದು ಬಣ್ಣದಲ್ಲಿರುತ್ತಿದ್ದವು. ಮಳೆಗಾಲದಲ್ಲಿ ಸಸಿಯ ಹಸಿರು, ಚಳಿಗಾಲದಲ್ಲಿ ಕಾಫಿ ಹಣ್ಣಿನ ಕಂದು.

ಆಗ ಸಭೆಯ ನಡುವೆ ಹೋಟೆಲಿನಿಂದ ಟೀ ಬರುತ್ತಿತ್ತು, ಅದನ್ನು ಲೋಟಗಳಿಗೆ ಬಗ್ಗಿಸಿ ಹಂಚುವುದು ಮಹಿಳಾ ಸದಸ್ಯರ ಕೆಲಸ. ಯಾರೂ ಹಾಗೆಂದು ಹೇಳಿರಲಿಲ್ಲ. ಟೀ ಕ್ಯಾನನ್ನು ನಮ್ಮ ಮುಂದೆ ಇಡುತ್ತಿದ್ದರು, ಅಷ್ಟೇ. ನಾನು ಎದ್ದು ಹಂಚುತ್ತಿದ್ದೆ, ಮನೆಯಲ್ಲಿ ಮಾಡುವುದನ್ನೇ ಇಲ್ಲಿ ಮಾಡಿದರೆ ಏನು ಅಂತ. ಸಾವಿತ್ರಿ ಏಳುತ್ತಿರಲಿಲ್ಲ. ಒಂದು ದಿನ ಕಾರ್ಯದರ್ಶಿ ಕ್ಯಾನನ್ನು ಅವಳ ಕಡೆ ಇನ್ನಷ್ಟು ಸರಿಸಿದಾಗ ಅವಳು, "ನಾನು ಗೆದ್ದು ಬಂದೋಳು ಕಣ್ರೀ, ಬಡ್ಸಕ್ಕೆ ಬಂದೋಳಲ್ಲ" ಅಂದಳು. ಅಂದಿನಿಂದ ಕಾರ್ಯದರ್ಶಿಯೇ ಟೀ ಹಂಚತೊಡಗಿದರು. ನನ್ನ ಕಾಲದಲ್ಲಿ ಆಡಳಿತ ಪದ್ಧತಿಯಲ್ಲಾದ ಮೊದಲ ಬದಲಾವಣೆ ಇದು. ಸರ್ಕಾರದಿಂದ ಬಂದ ಸುತ್ತೋಲೆಗಳಿಂದ ಆದದ್ದಲ್ಲ.

ಈಗ ಆ ವರ್ಷದ ವಿಷಯ.

ಮೇಲಿನ ಹಾಡಿಗಳು ಅಂದರೆ ಹೊಳೆಯ ಆಚೆ ಗುಡ್ಡದ ಮೇಲಿರುವ ಮೂರು ಸಣ್ಣ ಊರುಗಳು. ಪಂಚಾಯ್ತಿ ಕಚೇರಿ ಈಚೆ ದೊಡ್ಡೂರಿನಲ್ಲಿ. ನಡುವೆ ಹೊಳೆಗೆ ಅಡ್ಡಲಾಗಿ ಮರದ ದಿಮ್ಮಿಗಳ ಕಾಲುಸಂಕ. ಮಳೆ ಜೋರಾದರೆ ಸಂಕ ತೇಲಿಹೋಗುತ್ತಿತ್ತು. ಆಮೇಲೆ ಒಂದು ಸಹಿ ಬೇಕಾದರೂ, ಒಂದು ಲೀಟರ್ ಸೀಮೆಎಣ್ಣೆ ಬೇಕಾದರೂ ಅವರು ಗುಡ್ಡ ಸುತ್ತಿ ಬರಬೇಕು. ಸಂಕಕ್ಕೆ ಅಂತ ಪ್ರತಿ ವರ್ಷ ಕೆಲಸ ಮಂಜೂರಾಗುತ್ತಿತ್ತು, ಪ್ರತಿ ವರ್ಷ ಅದು ದೊಡ್ಡೂರಿನ ಚರಂಡಿಯಾಗುತ್ತಿತ್ತು. ನಮ್ಮ ಬೀದಿಗೆ ಎರಡು ಬದಿಯಲ್ಲೂ ಕಲ್ಲಿನ ಚರಂಡಿ ಇದೆ, ನೋಡಿದ್ದೀರಲ್ಲ, ಅದರ ಒಂದು ಬದಿ ಅವರ ಸಂಕ.

ಮೇಲಿನವರು ಬೇರೆ ಪಂಚಾಯ್ತಿ ಬೇಕು ಅಂದರು. ಸಾವಿತ್ರಿಯ ಗಂಡ ಚಂದ್ರಣ್ಣ ಇದರಲ್ಲಿ ಮುಂದಿದ್ದ. ಪೇಪರ್ ಓದುವವನು, ಮಾತಿಗೆ ಮಾತು ಹುಟ್ಟಿಸುವವನು. ಅದರ ಹಿಂದಿನ ವರ್ಷ ಕೆನಡಾದಲ್ಲಿ ಫ್ರೆಂಚ್ ಮಾತಾಡುವ ಒಂದು ಪ್ರಾಂತ್ಯದವರು ನಾವೇ ಬೇರೆ ದೇಶವಾಗುತ್ತೇವೆ ಅಂತ ಮತಕ್ಕೆ ಹಾಕಿ ಕೂದಲೆಳೆಯಲ್ಲಿ ಸೋತಿದ್ದರು. ಅದನ್ನು ಅವನು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದ. ನಮ್ಮ ಜಗಲಿಯಲ್ಲೇ ಕೂತು ನಮ್ಮ ಯಜಮಾನರಿಗೆ, "ಅವ್ರು ದೇಶಾನೇ ಕೇಳಿದ್ರು ಅಣ್ಣ, ಯಾರೂ ಹೊಡೀಲಿಲ್ಲ ಬಡೀಲಿಲ್ಲ. ನಾವು ಕೇಳ್ತಿರೋದು ಒಂದು ಪಂಚಾಯ್ತಿ ಮಾರಾಯ್ರೆ" ಅಂದಿದ್ದ. ಯಜಮಾನರು ನಕ್ಕರು. ಕೆನಡಾದಲ್ಲಿ ಹೊಳೆಗೆ ಸೇತುವೆ ಇರುತ್ತೆ ಕಣೋ, ಇಲ್ಲಿ ಬೇರೆಯಾದ್ರೂ ಹೊಳೆ ಅಲ್ಲೇ ಇರುತ್ತೆ ಅಂದರು. ಅವರದು ಒಂದು ವಾದ ಅಂತ ನಾನೂ ಒಪ್ಪುತ್ತೇನೆ. ಪಂಚಾಯ್ತಿ ಒಡೆದರೆ ಇಬ್ಬರೂ ಬಡವಾಗುತ್ತೇವೆ ಎಂದು ನಿಜವಾಗಿ ನಂಬಿದವರು ದೊಡ್ಡೂರಿನಲ್ಲಿ ಇದ್ದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ನಂಬಿಕೆಯಿಂದ ಎತ್ತಿದ ಕೈ ಯಾವ ಕಡೆಗಿದ್ದರೂ ಕೈಯೇ.

ತಾಲ್ಲೂಕಿನಿಂದ ಆದೇಶ ಬಂತು: ಗ್ರಾಮಸಭೆ ಕರೆಯಿರಿ, ಜನ ಕೈ ಎತ್ತಲಿ, ಎಣಿಸಿ ಬರೆದು ಕಳಿಸಿ. ದೊಡ್ಡೂರಿನಲ್ಲಿ ಜನ ಹೆಚ್ಚು, ಆದರೆ ಮಳೆಯಲ್ಲಿ ಮನೆ ಬಿಟ್ಟು ಸಭೆಗೆ ಬರುವವರು ಕಡಿಮೆ. ಮೇಲಿನ ಹಾಡಿಗಳಲ್ಲಿ ಜನ ಕಡಿಮೆ, ಆದರೆ ಗಂಡಸರು ಹೆಂಗಸರು ಎಲ್ಲ ಬರುವವರು. ಈ ಲೆಕ್ಕ ನನಗೂ ಗೊತ್ತಿತ್ತು, ಪುಟ್ಟೇಗೌಡರಿಗಂತೂ ಚೆನ್ನಾಗಿ ಗೊತ್ತಿತ್ತು.

ಇಲ್ಲಿ ಮುಯ್ಯಾಳು ಅಂದರೇನು ಅಂತ ಹೇಳಬೇಕು, ಈಗಿನವರು ಮರೆತಿದ್ದೀರಿ. ಇವತ್ತು ನೀನು ನನ್ನ ಗದ್ದೆಗೆ ಬಂದರೆ ಇನ್ನೊಂದು ದಿನ ನಾನು ನಿನ್ನ ಗದ್ದೆಗೆ ಬರಬೇಕು. ಕೂಲಿ ಇಲ್ಲ. ಎತ್ತು ಇರುವವರು ಎತ್ತು ಕಳಿಸಿ ಉತ್ತು ಕೊಡುತ್ತಾರೆ, ಎತ್ತಿಲ್ಲದವರು ಬದಲಿಗೆ ನಾಟಿಗೆ ಹೆಣ್ಣಾಳು ಕಳಿಸುತ್ತಾರೆ. ಕರೆದ ದಿನ ಹೋಗಲೇಬೇಕು. ಮನೆಯಲ್ಲಿ ಮದುವೆ ಇದ್ದರೂ ಒಬ್ಬರನ್ನು ಕಳಿಸಬೇಕು. ಆ ದಿನದ ಊಟ ಗದ್ದೆಯವರದು, ಮನೆಯೊಡತಿಯೇ ಕೈಯಾರೆ ಬಡಿಸಬೇಕು. ಊಟ ಮುಗಿಯುವ ಮುಂಚೆ ಮುಯ್ಯಾಳು ಎದ್ದು ಹೋದರೆ ಆ ಗದ್ದೆಯ ಬೆಳೆ ಆ ಮನೆಗೆ ಹತ್ತುವುದಿಲ್ಲ ಎಂದು ಒಂದು ನಂಬಿಕೆ. ಎದ್ದರೆ ಶಾಪ ಹಾಕಿದ ಹಾಗೆ, ಹಾಗಾಗಿ ಹಗೆಯವರ ಮನೆಯಲ್ಲೂ ಯಾರೂ ಎಲೆ ಬಿಟ್ಟು ಏಳುವುದಿಲ್ಲ.

ಆ ವರ್ಷ ಪುಟ್ಟೇಗೌಡರ ಎತ್ತುಗಳು ಬೇಗ ಗುಡ್ಡ ಹತ್ತಿದವು. ನಾನು ಅಡುಗೆಮನೆ ಕಿಟಕಿಯಿಂದ ನೋಡಿದೆ. ಕೊಂಬಿನ ತುದಿಗೆ ಕೆಂಪು ಕೊಂಬಣಸು ಹಾಕಿದ ಜೋಡಿ, ಮಳೆ ಹಿಡಿಯುವ ಮುಂಚೆ ಸಂಕದ ಕೆಳಗೆ ಹೊಳೆ ಇಳಿದು ದಾಟಿತು. ಪ್ರತಿ ವರ್ಷ ಮೇಲಿನವರು ಬಂದು ಎರಡು ಮೂರು ಸಲ ಕೇಳಿದ ಮೇಲೆ ಹೋಗುತ್ತಿದ್ದ ಎತ್ತು. ಈ ಸಲ ಕೇಳದೆಯೇ ಹೋದವು, ಎಲ್ಲರ ಗದ್ದೆಯನ್ನೂ ಉತ್ತವು. ಅಧ್ಯಕ್ಷರ ಮನಸ್ಸು ಕರಗಿದೆ ಅಂದುಕೊಂಡೆ. ಕಾನ್ವೆಂಟ್‌ನಲ್ಲಿ ನಮಗೆ ಇನ್ನೊಬ್ಬರ ಬಗ್ಗೆ ಮೊದಲು ಒಳ್ಳೆಯದನ್ನೇ ಯೋಚಿಸಿ ಎಂದು ಕಲಿಸಿದ್ದರು. ಕೆಟ್ಟ ಪಾಠ ಅಂತ ಹೇಳಲಾರೆ, ಆದರೆ ಪಂಚಾಯ್ತಿಗೆ ಹೋಗುವವರಿಗೆ ಅದರ ಜೊತೆಗೆ ಇನ್ನೊಂದು ಪಾಠವೂ ಬೇಕು.

ಸಭೆಯ ದಿನ ಗೊತ್ತಾಯಿತು. ಮಾರನೆಯ ದಿನವೇ ಮೇಲಿನ ಹಾಡಿಗಳಿಗೆ ಇನ್ನೊಂದು ಸುದ್ದಿ ಹೋಯಿತು: ಪುಟ್ಟೇಗೌಡರ ದೊಡ್ಡ ಗದ್ದೆಯ ನಾಟಿ ಅದೇ ದಿನ, ಮನೆಗೊಬ್ಬರು ಹೆಣ್ಣಾಳು ಬನ್ನಿ.

ನಾನು ಹೊಳೆ ದಾಟಿ ಸಾವಿತ್ರಿಯ ಮನೆಗೆ ಹೋದೆ. ಹೋಗಬೇಡ ಅಂದೆ, ಬೇರೆ ದಿನ ಬರುತ್ತೇವೆ ಅಂತ ಹೇಳಿ ಕಳಿಸು ಅಂದೆ. ಅವಳು ಒಲೆ ಮುಂದೆ ರೊಟ್ಟಿ ತಟ್ಟುತ್ತಿದ್ದಳು. "ಸಸಿ ಕಿತ್ತಾದ ಮೇಲೆ ಬೇರೆ ದಿನ ಅನ್ನಕ್ಕಾಗುತ್ತೇನಕ್ಕ? ಅವ್ರ ಎತ್ತು ನಮ್ಮ ಗದ್ದೆ ಉತ್ತೈತೆ. ಅವ್ರನ್ನ ಬಿಟ್ಟು ಹೋಗ್ತೀವಿ ಅನ್ನೋರು ಅವ್ರ ಋಣ ಇಟ್ಕಂಡು ಹೋಗಕ್ಕಾಗುತ್ತಾ?" ಅಂದಳು. ಆಮೇಲೆ ಅವಳ ಲೆಕ್ಕ ಹೇಳಿದಳು. ಸಭೆ ಎರಡು ಗಂಟೆಗೆ. ಸಭೆ ಯಾವತ್ತು ಎರಡಕ್ಕೆ ಶುರುವಾಗಿದೆ? ಅಧಿಕಾರಿಯ ಜೀಪು ಬರುವುದೇ ನಾಲ್ಕಕ್ಕೆ. ಒಂದಕ್ಕೆ ಊಟ ಮುಗಿಸಿ, ಕಾಲು ತೊಳೆದು ಹೋದರೆ ಸಭೆಗೆ ಮುಂಚೆ ಹೋಗಿ ಕಾಯಬೇಕಾಗುತ್ತದೆ. ಚಂದ್ರಣ್ಣನೂ ಹಾಗೇ ಹೇಳಿದ. ನನಗೂ ಸರಿ ಅನ್ನಿಸಿತು.

ನನ್ನ ಎರಡು ಅವಧಿಯಲ್ಲಿ ಸರಿಯಾದ ಹೊತ್ತಿಗೆ ಶುರುವಾದ ಗ್ರಾಮಸಭೆ ಅದೊಂದೇ.

ಶಾಲೆಯ ಹಾಲ್‌ನಲ್ಲಿ ಸಭೆ. ನಾನು ಹೋದಾಗ ಅಧಿಕಾರಿ ಆಗಲೇ ಬಂದು ಕೂತಿದ್ದರು, ಷರ್ಟಿನ ಮೇಲೆ ಮಳೆಯ ಒಂದು ಹನಿ ಇಲ್ಲ. ಜೀಪು ಬೆಳಗ್ಗೆಯೇ ಬಂದಿತ್ತು ಅಂತ ಆಮೇಲೆ ಗೊತ್ತಾಯಿತು. ಮೇಲಿನ ಗಂಡಸರು ಕಂಬಳಿ ಕೊಪ್ಪೆ ಹೊದ್ದು ಒಂದು ಬದಿಗೆ ನಿಂತಿದ್ದರು. ಚಂದ್ರಣ್ಣ ಕಿಟಕಿಯ ಹತ್ತಿರ ನಿಂತು ಗದ್ದೆಯ ದಾರಿಯನ್ನೇ ನೋಡುತ್ತಿದ್ದ. ಎರಡು ಗಂಟೆಗೆ ಪುಟ್ಟೇಗೌಡರು ಎದ್ದರು. ಎಲ್ಲರಿಗೂ ನಮಸ್ಕಾರ ಅಂದರು, ವಿಷಯ ಹೇಳಿದರು, ಪರವಾಗಿರುವವರು ಕೈ ಎತ್ತಿ ಅಂದುಬಿಟ್ಟರು. ನಾನು ಎದ್ದು, ಮೇಲಿನ ಹೆಂಗಸರು ಇನ್ನೂ ಬಂದಿಲ್ಲ, ಸ್ವಲ್ಪ ಕಾಯೋಣ ಅಂದೆ. ಅವರು ಅಷ್ಟೇ ಮೆತ್ತಗೆ, "ಯಾರನ್ನೂ ನಾನು ಬರಬ್ಯಾಡಿ ಅಂದಿಲ್ವಲ್ಲ ಅಕ್ಕಾವ್ರೆ" ಅಂದರು. ಅಧಿಕಾರಿ ಗಡಿಯಾರ ನೋಡಿಕೊಂಡು, ಕತ್ತಲಾಗುವ ಮುಂಚೆ ಮಾರನಹಳ್ಳಿಯ ಕಡೆ ಇನ್ನೊಂದು ಸಭೆ ಇದೆ ಅಂದರು.

ಮೇಲಿನ ಗಂಡಸರು ಕೈ ಎತ್ತಿದರು. ನಾನೂ ಎತ್ತಿದೆ. ದೊಡ್ಡೂರಿನಿಂದ ಎದ್ದ ಕೈ ಅದೊಂದೇ. ನಮ್ಮ ಯಜಮಾನರು ಎರಡು ಸಾಲು ಹಿಂದೆ ಕೂತಿದ್ದರು, ನಾನು ತಿರುಗಿ ನೋಡಲಿಲ್ಲ. ಆಮೇಲೆ ವಿರುದ್ಧದ ಕೈಗಳು. ಅವರದೂ ಎದ್ದಿತ್ತು ಅಂತ ಗೊತ್ತು.

ಸೋತದ್ದು ಒಂದು ಬೆಂಚು ತುಂಬುವಷ್ಟು ಕೈಗಳಿಂದ. ಆ ಹೊತ್ತಿನಲ್ಲಿ ಪುಟ್ಟೇಗೌಡರ ಮನೆಯಲ್ಲಿ ಎಲೆಯ ಮುಂದೆ ಕೂತಿದ್ದ ಹೆಂಗಸರು ಮೂರು ಬೆಂಚು ತುಂಬುತ್ತಿದ್ದರು.

ಅಧಿಕಾರಿ ಕಾಗದಗಳನ್ನು ಜೋಡಿಸುತ್ತಿದ್ದಾಗ ಅವರು ಬಂದರು. ಓಡಿ ಬಂದಿದ್ದರು. ಪ್ಲಾಸ್ಟಿಕ್ ಕೊಪ್ಪೆಗಳು ಹಿಂದಕ್ಕೆ ಜಾರಿದ್ದವು, ಮೊಣಕಾಲವರೆಗೆ ಕೆಸರು, ಒಬ್ಬಳ ಜಡೆಯಲ್ಲಿ ಭತ್ತದ ಸಸಿಯೊಂದು ಸಿಕ್ಕಿಕೊಂಡಿತ್ತು. ಹಾಲ್‌ನ ಬಾಗಿಲಲ್ಲಿ ನಿಂತರು. ಸಿಮೆಂಟು ನೆಲ ಕೆಸರಾಗುತ್ತದೆ ಅಂತ ಒಳಗೆ ಬರಲು ಹಿಂದೆ ಮುಂದೆ ನೋಡಿದರು. ಇದನ್ನು ನೆನೆದರೆ ನನಗೆ ಇವತ್ತೂ ಮೈ ಉರಿಯುತ್ತದೆ. ಅವರ ಊರನ್ನೇ ಕಿತ್ತುಕೊಂಡ ನೆಲದ ಮೇಲೆ ಕೆಸರು ಹತ್ತಬಾರದು ಅಂತ ಅವರು ನೋಡುತ್ತಿದ್ದರು. ಈಗಲಾದರೂ ಇವರ ಕೈ ಎಣಿಸಿ ಅಂತ ನಾನು ಅಧಿಕಾರಿಯನ್ನು ಕೇಳಿದೆ, ಕನ್ನಡದಲ್ಲಿ ಕೇಳಿದೆ, ಇಂಗ್ಲಿಷಿನಲ್ಲೂ ಕೇಳಿದೆ. ಎಣಿಕೆ ಆಗಿಹೋಯಿತಲ್ಲ ಮೇಡಂ ಎಂದು ಅವರು ಪೆನ್ನಿನ ಮುಚ್ಚಳ ಹಾಕಿದರು.

ಏನಾಗಿತ್ತು ಅನ್ನುವುದನ್ನು ಸಾವಿತ್ರಿ ಆಮೇಲೆ ಹೇಳಿದಳು. ನಾಟಿ ಹೊತ್ತಿಗೆ ಸರಿಯಾಗಿ ಮುಗಿದಿತ್ತು. ಊಟಕ್ಕೆ ಕೂತರು. ಕಡುಬು ಬಂತು, ಕೋಳಿ ಸಾರು ಬಂತು. ಪಾಯಸ ಬರಲಿಲ್ಲ. ಪುಟ್ಟೇಗೌಡರ ಹೆಂಡತಿ ಸರೋಜಮ್ಮ ಒಲೆಯ ಮುಂದೆ ನಿಂತು, ಇನ್ನೊಂದು ಕುದಿ ಬರಲಿ ಕಣ್ರವ್ವ, ಕೂತ್ಕಳಿ ಎಂದು ಹೇಳುತ್ತಲೇ ಇದ್ದರಂತೆ. ಖಾಲಿ ಎಲೆಯ ಮುಂದೆ ಇವರು ಕೂತೇ ಇದ್ದರು. ಏಳುವ ಹಾಗಿಲ್ಲ. ಕೊನೆಗೆ ಪಾಯಸ ಎಲೆಗೆ ಬಿದ್ದಾಗ ಎರಡು ಗಂಟೆ ದಾಟಿ ಹೋಗಿತ್ತು. ಸರೋಜಮ್ಮ ಒಂದು ಸಲವೂ ಇವರ ಮುಖ ನೋಡಲಿಲ್ಲವಂತೆ.

ಆ ಸಂಜೆ ದೊಡ್ಡೂರಿನಲ್ಲಿ ಪಟಾಕಿ ಹೊಡೆದರು. ಮಳೆಯಲ್ಲಿ ಅರ್ಧ ಟುಸ್ ಅಂದವು. ನಮ್ಮ ಮನೆಗೂ ಜಿಲೇಬಿ ಬಂತು, ನಾನು ಮುಟ್ಟಲಿಲ್ಲ. ಯಜಮಾನರು ಒಳ್ಳೆಯವರು, ಜೋರು ಮಾತಾಡಿದವರಲ್ಲ. ಅವತ್ತು ಅವರು, "ಆಯ್ತಲ್ಲ ನಿರ್ಮಲಾ, ಮುಗೀತು. ಸೋತೋರು ಸುಮ್ಮನಿರಬೇಕು, ಗೆದ್ದೋರು ಸುಮ್ಮನಿರಬೇಕು, ಊರು ನಡೀಬೇಕು" ಅಂದರು. ನ್ಯಾಯವಾಗಿ ಸೋತಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಹೀಗೆ ಗೆದ್ದ ಮೇಲೆ ಸುಮ್ಮನಿರಿ ಅನ್ನುವುದು ಗೆದ್ದವರಿಗೆ ಮಾತ್ರ ಅನುಕೂಲ ಅಂದೆ. ಮದುವೆಯಾಗಿ ಅಷ್ಟು ವರ್ಷಗಳಲ್ಲಿ ನಾವು ರಾಜಕೀಯ ಮಾತಾಡಿ ಮುಖ ತಿರುಗಿಸಿಕೊಂಡದ್ದು ಅದೇ ಮೊದಲು. ಊರಿನಲ್ಲೂ ಹಾಗೇ ಆಯಿತು. ಅಕ್ಕಾವ್ರು ಆಚೆ ಕಡೆಯವರು ಅಂದರು. ಅರಿಶಿನ ಕುಂಕುಮಕ್ಕೆ ಕರೆಯುವವರು ಕಡಿಮೆಯಾದರು.

ಗುಡ್ಡದ ಮೇಲೆ ಇನ್ನೂ ಕೆಟ್ಟದಾಯಿತು. ಪುಟ್ಟೇಗೌಡರ ಮೇಲೆ ಹೋಗಬೇಕಾದ ಸಿಟ್ಟು ಹೊಳೆ ದಾಟಲಿಲ್ಲ, ಮನೆಯ ಹೆಂಗಸರ ಮೇಲೆ ಇಳಿಯಿತು. ಪಾಯಸಕ್ಕೆ ಊರು ಮಾರ್ಬುಟ್ರು ಅನ್ನುವ ಮಾತು ಹುಟ್ಟಿತು. ನಾಟಿಗೆ ಹೋಗಿ ಎಂದು ತಾವೇ ಹೇಳಿದ್ದನ್ನು ಗಂಡಸರು ಮರೆತರು. ಚಂದ್ರಣ್ಣ ಹೆಂಡತಿಯ ಜೊತೆ ಮಾತು ಬಿಟ್ಟ. ಅವಳು ಬಡಿಸಿದ್ದನ್ನು ಉಣ್ಣುತ್ತಿರಲಿಲ್ಲ, ತಾನೇ ಪಾತ್ರೆಯಿಂದ ಹಾಕಿಕೊಂಡು ಜಗಲಿಗೆ ಹೋಗಿ ಉಣ್ಣುತ್ತಿದ್ದ. ನಾನು ಹೋದಾಗಲೂ ಅದನ್ನು ಕಣ್ಣಾರೆ ಕಂಡೆ. ಸಾವಿತ್ರಿ ಸೌಟು ಹಿಡಿದು ನಿಂತಿದ್ದಳು, ಅವನು ಅವಳ ಕೈಯ ಪಕ್ಕದಿಂದಲೇ ಇನ್ನೊಂದು ಸೌಟು ತೆಗೆದುಕೊಂಡ. ದೇಶಗಳನ್ನೆಲ್ಲ ಬಲ್ಲ ಮನುಷ್ಯ. ಅವಳು ರಾಜೀನಾಮೆ ಕೊಡಬೇಕು ಎಂದು ಕೆಲವರು, ದೊಡ್ಡೂರಿನ ಜೊತೆ ಮುಯ್ಯಾಳನ್ನೇ ಶಾಶ್ವತವಾಗಿ ಬಿಡಬೇಕು ಎಂದು ಕೆಲವರು. ಸಾವಿತ್ರಿ ಎರಡಕ್ಕೂ ಒಪ್ಪಲಿಲ್ಲ. ಬಿಡುವುದಾದರೆ ಬಾಕಿ ತೀರಿಸಿಕೊಂಡು ಬಿಡೋಣ, ಈಗಲೇ ಬಿಟ್ಟರೆ ಅವರು ಅರಗಿಸಿಕೊಂಡ ಹಾಗಾಗುತ್ತದೆ ಅಂದಳು. ಯಾವ ಬಾಕಿ ಎಂದು ಆಗ ಯಾರಿಗೂ ತಿಳಿಯಲಿಲ್ಲ.

ಆ ದಿನಗಳಲ್ಲಿ ನಾನು ಹಾಸನಕ್ಕೆ ಹೋದಾಗ ನನ್ನ ಹಳೆಯ ಟೀಚರ್ ಸಿಸ್ಟರ್ ಆಗ್ನೆಸ್ ಅವರನ್ನು ನೋಡಿ ಬಂದೆ. ಚಂದ್ರಣ್ಣ ಹೇಳುತ್ತಿದ್ದ ಅದೇ ಕೆನಡಾ ಪ್ರಾಂತ್ಯದವರು. ವಯಸ್ಸಾಗಿ ಕಾನ್ವೆಂಟಿನ ಹಿಂದಿನ ಕೋಣೆಯಲ್ಲಿದ್ದರು. ನಮ್ಮೂರಿನ ಕಥೆ ಹೇಳಿದೆ. ಅವರು ಹೆಣೆಯುತ್ತಿದ್ದ ಉಣ್ಣೆಯನ್ನು ಮಡಿಲಲ್ಲಿ ಇಟ್ಟುಕೊಂಡು ತಮ್ಮ ಮನೆಯದನ್ನು ಹೇಳಿದರು. ಒಬ್ಬ ತಮ್ಮ ಬೇರೆ ದೇಶ ಬೇಕು ಅಂದವನು, ಇನ್ನೊಬ್ಬ ಬೇಡ ಅಂದವನು. ಮತ ಮುಗಿದ ಮೇಲಿನ ಕ್ರಿಸ್ಮಸ್‌ಗೆ ಇಬ್ಬರೂ ಒಂದೇ ಮೇಜಿಗೆ ಬರಲಿಲ್ಲ. ಗೆದ್ದ ತಮ್ಮ, ಮುಗಿದ ವಿಷಯಕ್ಕೆ ಇವನದೇನು ಹಟ ಅಂತ ಬರೆದನಂತೆ. ಸಿಸ್ಟರ್ ತಮ್ಮ ಮುರುಕು ಕನ್ನಡದಲ್ಲಿ, "ಮುಗಿದದ್ದು ಎಣಿಕೆ ಮಾತ್ರ, ಮಗು" ಅಂದರು. ಬಸ್ಸಿನಲ್ಲಿ ವಾಪಸ್ ಬರುವಾಗ ನನಗೆ ಇನ್ನೊಂದು ಅನ್ನಿಸಿತು. ಅಲ್ಲಿ ಸೋತವರು ಮತ ಹಾಕಿ ಸೋತರು. ಇಲ್ಲಿ ಅದೂ ಇಲ್ಲ.

ಮುಂದಿನ ಪಂಚಾಯ್ತಿ ಸಭೆಯಲ್ಲಿ ಸಾವಿತ್ರಿ ಎದ್ದು ನಿಂತಳು. ಚರಂಡಿಯ ವಿಷಯ ನಡೆಯುತ್ತಿತ್ತು. "ಅಧ್ಯಕ್ರೆ, ಒಂದು ದಿನ ಮಿಕ್ಕೈತೆ" ಅಂದಳು. ಯಾವ ದಿನ ಎಂದು ಪುಟ್ಟೇಗೌಡರು ಕೇಳಿದರು.

"ಮುಯ್ಯಿದು."

ಅವರು ನಕ್ಕರು. "ತೀರ್ತಲ್ಲವ್ವ. ನನ್ನ ಎತ್ತು ನಿಮ್ಮ ಗದ್ದೆ ಉತ್ತವು, ನೀವು ನನ್ನ ಗದ್ದೆ ನೆಟ್ರಿ."

"ಅದು ತೀರ್ತು. ಆದ್ರೆ ನೀವು ನಮ್ಮಿಂದ ಅವತ್ತು ತಗಂಡಿದ್ದು ಎರಡು. ಗದ್ದೆ ದಿನ ಒಂದು, ಸಭೆ ದಿನ ಒಂದು. ಸಭೆದು ನೀವು ವಾಪಸ್ ಕೊಡ್ಬೇಕು. ಇನ್ನೊಂದು ಸಭೆ ಕರೀರಿ. ನಾವೂ ಇರೋ ದಿನ ಕರೀರಿ. ಅಲ್ಲಿ ಸೋತ್ರೆ ನಾನು ಬಾಯಿ ಬಿಡಲ್ಲ."

ಯಾರೂ ನಗಲಿಲ್ಲ. ಟೀ ಹಂಚುತ್ತಿದ್ದ ಕಾರ್ಯದರ್ಶಿ ಕ್ಯಾನ್ ಹಿಡಿದುಕೊಂಡೇ ನಿಂತರು. ಪುಟ್ಟೇಗೌಡರು ಕೆಮ್ಮಿ, ಒಮ್ಮೆ ತೀರ್ಮಾನವಾದದ್ದನ್ನು ಮತ್ತೆ ತೆಗೆಯಲು ನಿಯಮವಿಲ್ಲ ಅಂದರು. ಯಾವ ನಿಯಮ, ತೋರಿಸಿ ಅಂತ ನಾನು ಕೇಳಿದೆ. ತೋರಿಸುತ್ತೇನೆ ಅಂದರು. ನಾನು ಪಂಚಾಯ್ತಿ ಬಿಡುವವರೆಗೂ ತೋರಿಸಲಿಲ್ಲ.

ಮರುವರ್ಷ ಮಳೆಗಾಲಕ್ಕೆ ಪುಟ್ಟೇಗೌಡರ ಎತ್ತು ಮತ್ತೆ ಹೊಳೆಯವರೆಗೆ ಬಂತು. ಸಾವಿತ್ರಿ ಮತ್ತು ನಾಲ್ಕು ಹೆಂಗಸರು ಸಂಕದ ಆಚೆ ನಿಂತು ವಾಪಸ್ ಕಳಿಸಿದರು. ಎತ್ತು ಹೊಡೆದುಕೊಂಡು ಬಂದವನಿಗೆ ನೀರು ಬೆಲ್ಲ ಕೊಟ್ಟೇ ಕಳಿಸಿದರಂತೆ. ಆ ವರ್ಷ ಅವರು ಗುದ್ದಲಿಯಲ್ಲಿ ಗದ್ದೆ ಅಗೆದರು. ನಾಟಿ ತಡವಾಯಿತು. ಕೆಲವರ ಗದ್ದೆ ಹಾಳುಬಿತ್ತು. ಪುಟ್ಟೇಗೌಡರು ಕೆ. ಹೊಸಕೋಟೆ ಕಡೆಯಿಂದ ಕೂಲಿಯವರನ್ನು ಜೀಪಿನಲ್ಲಿ ಕರೆಸಿಕೊಂಡು ನೆಡಿಸಿದರು. ಯಾರಿಗೆ ಹೆಚ್ಚು ನಷ್ಟವಾಯಿತು ಅಂತ ನೀವೇ ಲೆಕ್ಕ ಹಾಕಿ. ನ್ಯಾಯ ಕೇಳುವವರಿಗೇ ಯಾವಾಗಲೂ ಖರ್ಚು ಹೆಚ್ಚು.

ಸಾವಿತ್ರಿಯ ಗದ್ದೆಯ ನಾಟಿಯ ದಿನ ನಾನೂ ಹೋಗಿದ್ದೆ. ನನಗೆ ನೆಡಲು ಬರುವುದಿಲ್ಲ, ಸಸಿಯ ಕಟ್ಟು ಎತ್ತಿಕೊಡುತ್ತಿದ್ದೆ. ಬೆಳಗಿನ ಮಳೆ ಸ್ವಲ್ಪ ಬಿಟ್ಟಿತ್ತು. ಸಂಕದ ಕಡೆಯಿಂದ ಒಬ್ಬರು ಹೆಂಗಸು ಕೊಡೆ ಹಿಡಿದು ಬರುತ್ತಿದ್ದರು, ದಿಮ್ಮಿಯ ಮೇಲೆ ನಡೆದು ಅಭ್ಯಾಸವಿಲ್ಲದ ನಡಿಗೆ. ಹತ್ತಿರ ಬಂದಾಗ ನೋಡಿದರೆ ಸರೋಜಮ್ಮ. ಯಾರೂ ಜೊತೆಗಿರಲಿಲ್ಲ. ಬದುವಿನ ಮೇಲೆ ಕೊಡೆ ಮಡಿಸಿಟ್ಟರು, ಚಪ್ಪಲಿಯನ್ನು ಅದರ ಪಕ್ಕ ಜೋಡಿಸಿಟ್ಟರು, ಸೀರೆ ಎತ್ತಿ ಸಿಕ್ಕಿಸಿದರು. ನೆಡುತ್ತಿದ್ದವರೆಲ್ಲ ಬಗ್ಗಿದಲ್ಲಿಂದಲೇ ತಲೆ ಎತ್ತಿದರು.

ಸರೋಜಮ್ಮ ಗದ್ದೆಗೆ ಇಳಿದು, "ಅವತ್ತು ಪಾಯಸ ಆಗಿತ್ತು ಸಾವಿತ್ರಿ. ನೀವು ಕೂರೋಕೆ ಮುಂಚೆನೇ ಆಗಿತ್ತು" ಅಂದರು.

"ಗೊತ್ತಕ್ಕ. ಏಲಕ್ಕಿ ವಾಸ್ನೆ ಬರ್ತಿತ್ತು."

"ಅವ್ರು ತಗೀಬೇಡ ಅಂದಿದ್ರು. ನಂದು ಒಂದು ಆಳು ಹಿಡ್ಕೊ. ತೀರಿಸ್ಕಂಡು ಹೋಗ್ತೀನಿ."

ಸಾವಿತ್ರಿ ಸ್ವಲ್ಪ ಹೊತ್ತು ಅವರ ಕಾಲನ್ನೇ ನೋಡಿದಳು. ಬೆಳ್ಳಗಿನ ಕಾಲು, ಕಾಲುಂಗುರದ ಸುತ್ತ ಕೆಸರು ಏರುತ್ತಿತ್ತು. ಆಮೇಲೆ ನನ್ನ ಕೈಯಿಂದ ಒಂದು ಕಟ್ಟು ಸಸಿ ತೆಗೆದು ಸರೋಜಮ್ಮನ ಕೈಗೆ ಕೊಟ್ಟಳು. ಇಬ್ಬರೂ ಪಕ್ಕಪಕ್ಕದಲ್ಲಿ ಬಗ್ಗಿದರು. ಸರೋಜಮ್ಮನ ಸಾಲು ಸೊಟ್ಟವಾಗುತ್ತಿತ್ತು, ಸಾವಿತ್ರಿ ಅದನ್ನು ಸರಿಮಾಡುತ್ತಾ ಹೋದಳು. ಮಧ್ಯಾಹ್ನ ಊಟ ಹೊತ್ತಿಗೆ ಸರಿಯಾಗಿ ಬಂತು. ಸಾವಿತ್ರಿ ಮೊದಲು ಸರೋಜಮ್ಮನ ಎಲೆಗೆ ಪಾಯಸ ಬಡಿಸಿದಳು, ಆಮೇಲೆ ಅನ್ನ. ಯಾರಿಗೂ ಅರ್ಥವಾಗದೆ ಇರಲಿಲ್ಲ. ಅವತ್ತು ಚಂದ್ರಣ್ಣ ಜಗಲಿಗೆ ಹೋಗಲಿಲ್ಲ. ಸಾಲಿನ ಕೊನೆಯಲ್ಲಿ ಬಂದು ಕೂತು ಎಲೆ ಹಾಕಿಕೊಂಡ. ಸಾವಿತ್ರಿ ಅವನ ಮುಂದೆ ಬಂದಾಗ ತಲೆ ಎತ್ತದೆ, "ಸಾಕು ಅಂದಾಗ ನಿಲ್ಸು" ಅಂದ. ವರ್ಷವೊಂದರ ಮೇಲೆ ಅವಳ ಜೊತೆ ಆಡಿದ ಮೊದಲ ಮಾತು ಅದು. ಅವಳು ಅವನು ಸಾಕು ಅಂದ ಮೇಲೂ ಒಂದು ಸೌಟು ಹೆಚ್ಚು ಹಾಕಿದಳು.

ಈ ಕಥೆಯನ್ನು ನಾನು ಹೇಳಿದಾಗೆಲ್ಲ ಕೇಳಿದವರು, ಎಷ್ಟು ಚೆನ್ನಾಗಿ ಮುಗಿಯಿತಲ್ಲ ಅನ್ನುತ್ತಾರೆ. ನನಗೆ ಆಗಲೂ ಸಿಟ್ಟು ಬರುತ್ತದೆ. ಮುಗಿಯಲಿಲ್ಲ. ಸಂಜೆ ಸರೋಜಮ್ಮ ಕಾಲು ತೊಳೆದುಕೊಂಡು ಕೊಡೆ ಬಿಚ್ಚಿ ಸಂಕ ದಾಟುವವರೆಗೂ ಸಾವಿತ್ರಿ ಬದುವಿನ ಮೇಲೆ ನಿಂತು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, "ಇವ್ರದ್ದು ತೀರ್ತು ಅಕ್ಕ. ಅವ್ರದ್ದು ಮಿಕ್ಕೈತೆ" ಅಂದಳು.

ಆ ಸಭೆ ಮತ್ತೆ ಕರೆಯಲಿಲ್ಲ. ಪುಟ್ಟೇಗೌಡರ ನಂತರ ಬಂದವರೂ ಕರೆಯಲಿಲ್ಲ, ಹಳೆಯದನ್ನು ಯಾಕೆ ಕೆದಕಬೇಕು ಅಂದರು. ನಾನಿದ್ದಾಗ ಮಾಡಲು ಸಾಧ್ಯವಾದದ್ದು ಒಂದೇ: ನಾಟಿಯ ಕಾಲದಲ್ಲಿ, ಕಾಫಿ ಹಣ್ಣು ಬಿಡಿಸುವ ಕಾಲದಲ್ಲಿ ಗ್ರಾಮಸಭೆ ಇಡುವ ಮುಂಚೆ ಮೇಲಿನ ಹೆಂಗಸರನ್ನು ಕೇಳಿ ದಿನ ಗೊತ್ತುಮಾಡಬೇಕು ಎಂದು ಮೇಜು ಕುಟ್ಟಿ ಒಪ್ಪಿಸಿದೆ. ನಾನು ಮೇಜು ಕುಟ್ಟಿದ್ದನ್ನು ನೋಡಿ ಪುಟ್ಟೇಗೌಡರಿಗೆ ಗಾಬರಿಯಾಗಿತ್ತು. ಹಾಲ್‌ನ ಬಾಗಿಲಲ್ಲಿ ಒಂದು ಬಕೆಟ್ ನೀರು, ಒಂದು ಚೊಂಬು ಇಡಿಸಿದೆ, ಗದ್ದೆಯಿಂದ ಬಂದವರು ಕಾಲು ತೊಳೆದು ಒಳಗೆ ಬರಲಿ ಅಂತ. ಬಕೆಟ್ ಈಗಲೂ ಇದೆಯಂತೆ, ಆದರೆ ಅದರಲ್ಲಿ ಪೊರಕೆ ಇಡುತ್ತಾರಂತೆ.

ಹಾಗಾಗಿ, ನಕ್ಕ ಹೆಣ್ಣುಮಕ್ಕಳೇ, ಆ ಹಿಂದಿನ ಬೆಂಚಿನ ಹೆಂಗಸಿನ ತಲೆ ಸರಿಯಾಗಿಯೇ ಇದೆ. ಅವಳು ನೀವು ಕೂತಿರುವ ಕುರ್ಚಿಯಲ್ಲಿ ಕೂತವಳು. ಟೀ ಕ್ಯಾನ್ ನಿಮ್ಮ ಮುಂದೆ ಬರದೆ ಇರುವುದು ಅವಳಿಂದ. ಸಭೆಯ ನೋಟೀಸು ನಿಮ್ಮ ಕೈಗೆ ಬಂದಾಗ ಮೊದಲು ವಿಷಯ ಓದಬೇಡಿ, ಅವತ್ತು ಯಾರ ಗದ್ದೆಯಲ್ಲಿ ನಾಟಿ ಅಂತ ಕೇಳಿ. ಮುಂದಿನ ಗ್ರಾಮಸಭೆಗೆ ಆ ಬಕೆಟ್ಟಿನಿಂದ ಪೊರಕೆ ತೆಗೆದು ನೀರು ತುಂಬಿಸಿಡಿ. ಅವಳು ಖಂಡಿತ ಬರುತ್ತಾಳೆ, ಎದ್ದು ನಿಂತು ಅದೇ ಮಾತು ಹೇಳುತ್ತಾಳೆ. ಆಗ ನಿಮ್ಮಲ್ಲಿ ಒಬ್ಬಳಾದರೂ ಎದ್ದು, ಅಧ್ಯಕ್ಷರ ಕಡೆ ತಿರುಗಿ, ಆ ದಿನ ಯಾವಾಗ ಕೊಡ್ತೀರಿ ಅಂತ ಕೇಳಿ.